ದುರ್ಗಪ್ಪ ಬಿಟ್ಟ ಸಂದು

ಪೂಜ್ಯ ಅಡವಯ್ಯಜ್ಜನವರು ಕರಿಮಡ್ಡಿಯ ಮಠಕ್ಕೆ ಗುರುಗಳಾಗಿ ಬಂದ ಮೊದಲ ವರ್ಷದ ಮಾತು. ಬೆಳಗಿನ ಪೂಜೆ ಮುಗಿದರೆ ಸಾಕು, ಅವರು ಕಾವಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ದಾಸೋಹದ ಪಡಸಾಲೆಯಲ್ಲಿ ಗಾರೆ ಮೆತ್ತುವ ಕರಣಿ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಿದ್ದರು.

ಆ ಪಡಸಾಲೆಗೆ ಫರಸಿ ಕಲ್ಲು ಹಾಸಿದವನು ಗೌಂಡಿ ದುರ್ಗಪ್ಪ. ಅವನು ಗಾರೆ ತುಂಬಿದ ಸಂದಿನಲ್ಲಿ ಇರುವೆಗೂ ದಾರಿ ಸಿಗುತ್ತಿರಲಿಲ್ಲ. ಆದರೆ ಬಾಗಿಲ ಕಡೆ ಎರಡು ಸಾಲು ಕಲ್ಲು ದಾಟಿದ ಮೇಲೆ, ಗೋಡೆಯಿಂದ ಗೋಡೆಗೆ ಒಂದು ಸಂದು ಬೆರಳಗಲ ಬಾಯಿ ತೆರೆದಿತ್ತು. ಮಠದ ಹಿಂದಿನ ಹಿರಿಯರ ಅಪ್ಪಣೆ ಅದು. ನೆಲ ಒಳಗಿನ ಮೋರಿಯ ಕಡೆಗೆ ಇಳಿಜಾರು. ಬಾಗಿಲ ಬಳಿ ಉಣ್ಣುವವರು ದುರ್ಗಪ್ಪನ ಕೇರಿಯ ಜನ. ಅವರ ಎಂಜಲು ತೊಳೆದ ನೀರು ಒಳಪಂಕ್ತಿಗೆ ಹರಿಯಬಾರದು, ಸಂದಿಗಿಳಿದು ಹೊರಗೆ ಹೋಗಬೇಕು. ಇದಕ್ಕೆ ಆಚಾರ ಎಂದು ಹೆಸರಿಟ್ಟಿದ್ದರು. ಅದು ಬರೀ ಕೊಬ್ಬು. ಸಂದಿನಲ್ಲಿ ಅನ್ನ ಕೊಳೆತು ನಾರತೊಡಗಿದಾಗ ಅಪ್ಪಣೆ ಕೊಟ್ಟವರು ಸುಮ್ಮನಾದರು, ಬೈಗುಳ ಗೌಂಡಿಗೆ ಬಿತ್ತು. ಕೆಲಸ ಬರದವನು, ಸಂದು ಬಿಟ್ಟ ದುರ್ಗಪ್ಪ ಎಂಬ ಹೆಸರು ಹೊತ್ತೇ ಅವನು ಸತ್ತ.

ಮಗ ಯಮನಪ್ಪನೂ ಗೌಂಡಿ. ಮಠದ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದವನು. ಹೊಸ ಅಜ್ಜನವರು ಮೂರು ಸಲ ಆ ಸಂದು ತುಂಬಿದರು, ಮೂರು ಸಲವೂ ಗಾರೆ ಎದ್ದು ಬಂತು ಎಂಬ ಸುದ್ದಿ ಕಿವಿಗೆ ಬಿದ್ದಾಗ, ನಕ್ಕು ಬರೋಣವೆಂದೇ ಬಂದು ಹೊಸ್ತಿಲಾಚೆ ನಿಂತ.

“ಏನ್ರಿ ಅಜ್ಜಾರ, ನಿಮ್ಮ ಮಂತ್ರಕ್ಕ ಗಾರಿ ಕಚ್ಚವಲ್ದೇನು?”

ಅಡುಗೆಯ ಗಂಗವ್ವ ಒಲೆಯ ಬಳಿಯಿಂದಲೇ ಅಂದಳು, “ಅಪ್ಪ ಸಂದು ಬಿಟ್ಟ, ಮಗ ನಿಂತು ನಗತಾನ. ಚಲೋ ಮನೆತನ.”

ಯಮನಪ್ಪನ ಮುಖ ಕಪ್ಪಿಟ್ಟಿತು. “ನಮ್ಮಪ್ಪ ಬಿಟ್ಟಿಲ್ಲ ಯವ್ವಾ. ಈ ಮಠ ಬಿಡಿಸೇತಿ. ಅಂವ ಮನೀಗೆ ಬಂದು ಅತ್ತಿದ್ದು ನಾ ನೋಡೀನಿ.”

ಅಜ್ಜನವರು ಎದ್ದು ಬಂದರು.

“ಖರೇ ಐತಿ. ಮಠ ಬಿಡಿಸೇತಿ, ಮಠಾನ ತುಂಬಬೇಕು. ನನಗ ಬರವಲ್ದು. ಕಲಿಸಪಾ.”

ಗುರುಗಳಾದವರು ತಪ್ಪು ಒಪ್ಪಿದ್ದನ್ನು ಯಮನಪ್ಪ ಎಂದೂ ಕೇಳಿದವನಲ್ಲ. ಹೊಸ್ತಿಲಾಚೆಯಿಂದಲೇ ಬಗ್ಗಿ ನೋಡಿದ. ಕಣ್ಣು ಸಂದಿನ ಮೇಲೆ ಬಿತ್ತು. ಎಷ್ಟೋ ವರ್ಷದ ಜಿಡ್ಡು, ಮಣ್ಣು ಹಾಗೇ ಇತ್ತು. ಅದರ ಮೇಲೇ ಅಜ್ಜನವರು ಗಾರೆ ಮೆತ್ತಿದ್ದರು.

“ಹೊಲಸಿನ ಮ್ಯಾಲ ಮೆತ್ತಿದ್ರ ಹೆಂಗ ನಿಂದರತೈತ್ರಿ? ತಳಾ ಕಾಣೂತನಕ ಕೆದರಬೇಕು. ಕಲ್ಲಿನ ಬಗಲು ತೊಳದು ನೀರು ಕುಡಿಸಬೇಕು. ಆಮ್ಯಾಲ ಗಾರಿ.”

ಹೇಳುತ್ತ ಹೇಳುತ್ತ ಹೊಸ್ತಿಲು ದಾಟಿದ್ದು ಅವನಿಗೇ ತಿಳಿಯಲಿಲ್ಲ.

ಎರಡು ದಿನ ಅಜ್ಜನವರು ಉಳಿ ಹಿಡಿದು ಹೊಲಸು ಕೆದರಿದರು. ಉಗುರು ಒಡೆದು ರಕ್ತ ಬಂತು. ಯಮನಪ್ಪ ತಾಳಲಾರದೆ ಕೈ ಚಾಚಿದರೆ ಉಳಿ ಕೊಡಲಿಲ್ಲ.

“ನೀ ತೋರಸು. ಮಾಡಾಂವ ನಾ.”

ಮೂರನೆಯ ದಿನ ಗಾರೆ ಒತ್ತಿ, ಬಿರುಕು ಬಿಡದಂತೆ ಹಸಿ ಗೋಣಿ ಹೊದಿಸಿದರು. ಆಮೇಲೆ ಎಂಟು ದಿನ ಹೊತ್ತುಹೊತ್ತಿಗೆ ಬಂದು ಗೋಣಿಗೆ ನೀರು ಚಿಮುಕಿಸಿದವನು ಯಮನಪ್ಪ. ಅವನನ್ನು ಯಾರೂ ಕರೆದಿರಲಿಲ್ಲ.

ಗೋಣಿ ತೆಗೆದ ದಿನ ಊಟದ ಹೊತ್ತಿಗೆ ಅಜ್ಜನವರು ಗಂಗವ್ವನಿಗೆ ಬಾಗಿಲ ಬಳಿ ಕೊಡ ಬಗ್ಗಿಸಲು ಹೇಳಿದರು. ನೀರು ಸಂದಿನ ಮೇಲೆ ಹಾಯ್ದು ಒಳಗಿನ ಕಲ್ಲುಗಳತ್ತ ಹರಿಯಿತು. ಒಳಪಂಕ್ತಿಯ ಒಬ್ಬಿಬ್ಬರು ಕಾಲು ಹಿಂದಕ್ಕೆಳೆದುಕೊಂಡರು. ಅಜ್ಜನವರು ಆ ನೀರಿನಲ್ಲೇ, ಸಂದಿನ ಮೇಲೆಯೇ ಕುಳಿತರು. ಪಕ್ಕದಲ್ಲಿ ಯಮನಪ್ಪನನ್ನು ಕೂರಿಸಿಕೊಂಡು ಇಬ್ಬರಿಗೂ ಎಲೆ ಹಾಕಿಸಿದರು.

“ಇದು ದುರ್ಗಪ್ಪನವರ ನೆಲ. ಅವರ ನೆಲದಾಗ ಕುಂತು ನಾವು ಉಣ್ಣಾಕತ್ತೀವಿ. ಬ್ಯಾಡಾದವರು ಏಳಬಹುದು.”

ಒಬ್ಬರೂ ಏಳಲಿಲ್ಲ.

ಗಂಗವ್ವ ಮೊದಲ ಸೌಟು ಹುಗ್ಗಿಯನ್ನು ಯಮನಪ್ಪನ ಎಲೆಗೆ ಬಡಿಸಿ, ಅದರ ಮೇಲೆ ಇನ್ನೊಂದು ಸೌಟು ಹಾಕಿದಳು. “ಇದು ನಿಮ್ಮಪ್ಪನ ಪಾಲು, ತಮ್ಮಾ,” ಅಂದಳು. ಯಮನಪ್ಪ ಸಂದಿನ ಮೇಲೆ ಅಂಗೈಯಿಟ್ಟು, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಉಂಡ.

ಬದುಕಿರುವಷ್ಟು ಕಾಲ ಅವನು ಸೋಮವಾರಕ್ಕೊಮ್ಮೆ ಬಂದು ಆ ನೆಲ ತೊಳೆದ. ಸಂದು ತುಂಬಿದಾಂವ ನೀನೇನಪಾ ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದ:

“ನೆಲಾ ನಮ್ಮಪ್ಪಂದು. ತುಂಬಿದವರು ಅಜ್ಜಾರು. ನಾ ಬರೇ ನೀರು ಹಾಕೀನಿ.”