ಕೆನ್ನೆಯ ಮೇಲಿನ ಹೆಸರು

“ಗುರುಗಳೇ, ತುಂಬಿದ ಸಭೆಯಲ್ಲಿ ಅಣ್ಣ ನನಗೆ ಆಡಿದ ಮಾತನ್ನು ಎಷ್ಟು ಸಲ ಮನಸ್ಸಿನಿಂದ ಅಳಿಸಿದರೂ ಮತ್ತೆ ಎದ್ದು ಬರುತ್ತದೆ. ಏನು ಮಾಡಲಿ?” ಎಂದು ಚೆನ್ನವೀರ ಕೇಳಿದ. ಆ ಬೆಳಿಗ್ಗೆಯಷ್ಟೇ ಅಣ್ಣನಿಂದ ಒಂದು ಓಲೆ ಬಂದಿತ್ತು. ಅವನು ಅದನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಗುರುಗಳು ಅದರ ಕಡೆ ಒಮ್ಮೆ ನೋಡಿ ಕತೆ ತೆಗೆದರು.

ಹೊಳೆ ದಾಟುವಲ್ಲಿ ಒಂದು ಮಂಟಪವಿತ್ತು. ಅದರ ಗೋಡೆಯ ಮೇಲೆ ಹಿಂದೊಬ್ಬ ಚಿತ್ರಗಾರ ಹೊಳೆತಾಯಿಯ ಚಿತ್ರ ಬರೆದಿದ್ದ. ದೋಣಿಗೆ ಕಾಯುವವರಿಗೆ ಬೇರೇನು ಕೆಲಸ? ಕೈಗೆ ಮೊಳೆ ಸಿಕ್ಕವನೆಲ್ಲ ಲಿಪಿಕಾರನೇ! ತಾಯಿಯ ಸೀರೆ, ತೋಳು, ಪಾದ, ಎಲ್ಲೆಲ್ಲೂ ಬಂದುಹೋದವರ ಹೆಸರು. ಕೆನ್ನೆಯ ಮೇಲಂತೂ ‘ಕೆಂಚ’ ಎಂದು ಆಳವಾಗಿ ಕೊರೆದಿತ್ತು.

ಊರಿನ ಯಜಮಾನ ಬೇಸತ್ತು, “ಯುಗಾದಿಯೊಳಗೆ ಇದು ಸರಿಹೋಗದಿದ್ದರೆ ಗೋಡೆಗೆಲ್ಲ ಸುಣ್ಣ ಹೊಡೆಸುತ್ತೇನೆ” ಎಂದ. ಸುದ್ದಿ ಕೇಳಿ ಆ ಹಳೆಯ ಚಿತ್ರಗಾರನ ಶಿಷ್ಯ ಓಡಿಬಂದ. ಅವನ ಗುರುವಿನ ಕೈಕೆಲಸ ಉಳಿದದ್ದು ಅದೊಂದೇ ಗೋಡೆಯಲ್ಲಿ.

ಗೀರು ತುಂಬುವುದಕ್ಕೆ ಒಂದು ಕ್ರಮವಿದೆ. ಗೀರನ್ನು ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದ ಗಾರೆಯನ್ನು ಸಣ್ಣ ಕುಂಚದಿಂದ ಅದರ ಜಾಡಿನಲ್ಲೇ ತುಂಬಬೇಕು. ಬಣ್ಣ ಆಮೇಲೆ. ಮಿಕ್ಕ ಹೆಸರುಗಳನ್ನೆಲ್ಲ ಅವನು ಹಾಗೆಯೇ ತುಂಬಿದ. ಕೆನ್ನೆಯ ಹತ್ತಿರ ಬಂದಾಗ ಮಾತ್ರ ಮೈ ಉರಿಯಿತು. ಮುಖ ತಿರುಗಿಸಿಕೊಂಡು, ಗೀರು ತುಂಬದೆ ಬರೀ ಮೇಲೆ ಬಣ್ಣ ಬಳಿದ. ಬಣ್ಣ ಒಣಗಿತು, ಕೆಂಚ ಎದ್ದ. ಮತ್ತೆ ಬಳಿದ, ಮತ್ತೆ ಎದ್ದ. ಯುಗಾದಿಗೆ ಎರಡೇ ದಿನ ಉಳಿಯಿತು.

ಮಂಟಪದ ಕಸ ಗುಡಿಸುವ ಮುದುಕಿ ಇದನ್ನೆಲ್ಲ ನೋಡುತ್ತಲೇ ಇದ್ದಳು. “ಮಿಕ್ಕದ್ದನ್ನೆಲ್ಲ ತುಂಬಿದೆಯಲ್ಲಪ್ಪ, ಇದೊಂದನ್ನು ಯಾಕೆ ಮುಚ್ಚುತ್ತೀಯ?” ಎಂದಳು.

“ತುಂಬಬೇಕಾದರೆ ಅಕ್ಷರದ ಮೇಲೆಯೇ ಕುಂಚ ಆಡಿಸಬೇಕು, ತಾಯಿ. ನನ್ನ ಗುರು ಬರೆದ ಕೆನ್ನೆಯ ಮೇಲೆ ಆ ಹಾಳಾದವನ ಹೆಸರನ್ನು ನನ್ನ ಕೈಯಾರೆ ಬರೆಯಲೇ?”

“ಹಾಗಾದರೆ ಬಿಡು. ನಾಡಿದ್ದು ಸುಣ್ಣದವರು ಬರುತ್ತಾರೆ” ಎಂದು ಮುದುಕಿ ಪೊರಕೆ ಎತ್ತಿಕೊಂಡು ಹೋದಳು.

ಕೊನೆಗೆ ಅವನು ಹಲ್ಲು ಕಚ್ಚಿಕೊಂಡು, ಬಳಿದ ಬಣ್ಣ ತೊಳೆದು, ಕೆನ್ನೆಯನ್ನು ನೆನೆಸಿದ. ಧೂಳು ಇಳಿದಂತೆ ಹೆಸರಿನ ಪಕ್ಕದಿಂದ ತಾಯಿಯ ಕಿವಿಯವರೆಗೆ ಇನ್ನೊಂದು ಸಾಲು ಕಂಡಿತು. ಬಹಳ ಸಣ್ಣ ಅಕ್ಷರ. ‘ಆಚೆ ದಡದಲ್ಲಿ ಮಗಳಿಗೆ ಸಿಡುಬು. ದೋಣಿ ಬರಲಿಲ್ಲ. ಅವ್ವಾ, ನೀನೇ ನೋಡಿಕೋ.’

ಶಿಷ್ಯನ ಕೈ ನಿಂತಿತು. ಅವನು ಅತ್ತ. ಅಳುತ್ತಲೇ ಒಂದಕ್ಷರವನ್ನೂ ಬಿಡದೆ ತುಂಬಿದ. ಆಮೇಲೆ ಹಚ್ಚಿದ ಬಣ್ಣ ನಿಂತಿತು. ಸುಣ್ಣದವರು ಬಂದ ದಾರಿಯಲ್ಲೇ ಹಿಂದಿರುಗಿದರು.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. “ಕೆಂಚನ ಗೀರಿನಲ್ಲಿ ಸಂಕಟವಿತ್ತು, ಗುರುಗಳೇ. ನಮ್ಮಣ್ಣನಲ್ಲಿ ಸೊಕ್ಕಲ್ಲದೆ ಇನ್ನೇನಿದೆ?” ಎಂದ.

“ನನಗೇನು ಗೊತ್ತಪ್ಪ, ಓಲೆ ನಿನ್ನ ಸೊಂಟದಲ್ಲಿದೆ.”