ನೂರು ಹೆಜ್ಜೆಯ ಅಳತೆ

ಬೆಲ್ಲ, ಕೊಬ್ಬರಿ ಮಾರುತ್ತಿದ್ದ ಕರಡಿ ಜಾಂಬಣ್ಣನಿಗೆ ಅಂಗಡಿಯಲ್ಲಿ ಹೆಂಡವನ್ನೂ ಇಡುವ ಆಸೆಯಾಯಿತು. ಲೈಸೆನ್ಸಿಗಾಗಿ ಕಾಡಿನ ಪಂಚಾಯ್ತಿಗೆ ಅರ್ಜಿ ಕೊಟ್ಟ.

"ಹೆಂಡದಂಗಡಿ ಶಾಲೆಯಿಂದ ನೂರು ಹೆಜ್ಜೆ ದೂರವಿರಬೇಕು," ಎಂದರು ಅಧ್ಯಕ್ಷರಾದ ಆನೆಯಪ್ಪನವರು.

"ಸರಿಯಾಗಿ ನೂರಿದೆ ಸ್ವಾಮಿ. ನಾನೇ ನಡೆದು ಅಳೆದಿದ್ದೇನೆ," ಎಂದ ಕರಡಿ.

ಮರಿಗಳಿಗೆ ಪಾಠ ಹೇಳುವ ಗೀಜಗ ಮೇಷ್ಟರು ಎದ್ದು ನಿಂತರು. "ಜಾಂಬಣ್ಣ ಅಳೆದದ್ದು ಕುಡಿಯದೆ. ಅಂಗಡಿಯಿಂದ ಹೊರಡುವವರು ಕುಡಿದಿರುತ್ತಾರೆ. ಅವನೂ ಕುಡಿದು ನಡೆಯಲಿ, ನೋಡೋಣ."

ಸಭೆ ಒಪ್ಪಿತು. ಕರಡಿಗಂತೂ ಹಿಗ್ಗೋ ಹಿಗ್ಗು. ಅಂಗಡಿಯ ಬಾಗಿಲಲ್ಲೇ ಎರಡು ಮಡಕೆ ಹೆಂಡ ಖಾಲಿ ಮಾಡಿ, ಶಾಲೆಗೆ ಬೆನ್ನು ಹಾಕಿ, ತನ್ನ ಗುಹೆಯತ್ತ ಹೊರಟ. ಶಾಲೆಯ ಮರಿಗಳೆಲ್ಲ ಕೂಗಿ ಕೂಗಿ ಹೆಜ್ಜೆ ಎಣಿಸಿದವು. ಹತ್ತಕ್ಕೆ ಹುತ್ತವನ್ನು ಸುತ್ತಿದ. ಐವತ್ತಕ್ಕೆ ಬೇಲಿಗೆ ನಮಸ್ಕಾರ ಹೇಳಿ ಅದರ ಮನೆಯವರ ಕ್ಷೇಮ ವಿಚಾರಿಸಿದ. ನೂರಕ್ಕೆ ಒಂದನೇ ತರಗತಿಯ ಚಾಪೆಯ ಮೇಲೆ ಕಾಲು ಚಾಚಿ ಕೂತು, "ಅಂತೂ ಮನೆ ಬಂತು!" ಎಂದ.

ಆನೆಯಪ್ಪನವರು ಅರ್ಜಿಯನ್ನು ಅವನ ಕೈಗೇ ವಾಪಸು ಕೊಟ್ಟು, "ನೀನು ಕೊಬ್ಬರಿಯನ್ನೇ ಮಾರಪ್ಪ," ಎಂದರು.

ಗೀಜಗ ಮೇಷ್ಟರು ಹಾಜರಿ ಪುಸ್ತಕ ತೆರೆದು, "ಹೊಸದಾಗಿ ಸೇರಿದವನು ಹೆಸರು ಹೇಳು," ಎಂದರು.