ಎರಡನೇ ಕೈ

ಅನ್ನದಾಸೋಹ ಯಾವ ಮಠದಲ್ಲಿಲ್ಲ ಹೇಳಿ? ಹೊಳೆದಂಡೆಯ ಈ ಮಠದಲ್ಲಿ ಅದರ ಜೊತೆಗೆ ಕ್ಷೌರದ ದಾಸೋಹವೂ ಇತ್ತು. ಹೊಳೆ ದಾಟಿ ಯಾರೇ ಬರಲಿ, ಮೊದಲು ಕ್ಷೌರ, ಆಮೇಲೆ ಸ್ನಾನ, ಆಮೇಲೆ ಊಟ.

ಅದಕ್ಕೊಂದು ಕಟ್ಟಳೆಯೂ ಇತ್ತು. ಕ್ಷೌರದ ಕತ್ತಿ ಹಿಡಿದವನು ಅದನ್ನು ಕೆಳಗಿಡುವವರೆಗೆ ಬಾಯಿ ಬಿಡಬಾರದು.

ಮಠದ ಅಜ್ಜಯ್ಯನವರ ಹತ್ತಿರ ಕೊಟ್ರೇಶಿ ಎಂಬ ಶಿಷ್ಯನಿದ್ದ. ಬುದ್ಧಿವಂತ. ಓದಿದ್ದನ್ನು ಮರೆಯುವವನಲ್ಲ, ತಿಳಿದದ್ದನ್ನು ಹೇಳದೆ ಬಿಡುವವನೂ ಅಲ್ಲ. ಅವನ ಬಾಯಿಗೆ ಬೀಗ ಬೀಳುತ್ತಿದ್ದದ್ದು ಕ್ಷೌರದ ಹೊತ್ತಿನಲ್ಲಿ ಮಾತ್ರ, ಉಳಿದವರ ಪುಣ್ಯಕ್ಕೆ.

ದೀಕ್ಷೆ ಯಾವಾಗ ಸಿಗುತ್ತದೋ ಅಂತ ಅವನು ಕಾದು ಕೂತಿದ್ದ. ಅಜ್ಜಯ್ಯ ಒಂದೇ ಮಾತು ಹೇಳಿದ್ದರು.

"ನಿಮ್ಮಣ್ಣ ಹೂಂ ಅನ್ನಲಿ. ಅವತ್ತೇ ಕೊಡ್ತೀನಿ."

ಅಣ್ಣ ಹಾಲಪ್ಪ ಹೂಂ ಅನ್ನುವುದಿರಲಿ, ತಮ್ಮನ ಜೊತೆ ಮಾತೇ ಬಿಟ್ಟಿದ್ದ. ಬಿಡದೆ ಏನು ಮಾಡುತ್ತಾನೆ? ಅಪ್ಪ ಸತ್ತ ಮೇಲೆ ಈ ಕೊಟ್ರೇಶಿಯನ್ನು ಸಾಕಿದವನು ಅವನು. ಹೆಣ್ಣು ಗೊತ್ತು ಮಾಡಿ, ಹಂದರ ಹಾಕಿಸಿ, ಬೀಗರು ಬಂದು ಇಳಿದ ಬೆಳಗ್ಗೆ ನೋಡಿದರೆ ಮದುಮಗನೇ ಇಲ್ಲ. ಹೊಳೆ ದಾಟಿ ಮಠ ಸೇರಿಕೊಂಡಿದ್ದ.

ಆ ಹುಡುಗಿಗೆ ಮುಂದೆ ಒಳ್ಳೆಯ ಸಂಬಂಧವೇ ಕೂಡಿಬಂತು, ಅದು ಬೇರೆ ಮಾತು. ಅವತ್ತು ಬೀಗರ ಕಾಲು ಹಿಡಿದವನು ಹಾಲಪ್ಪ.

ಅಂದಿನಿಂದ ಅವನು ಗಡ್ಡ ತೆಗೆಸಿರಲಿಲ್ಲ. ಯಾರಾದರೂ ಕೇಳಿದರೆ, "ತೋರಿಸೋಕೆ ಮುಖ ಇದ್ದವರು ತೆಗೆಸ್ಲಿ" ಅನ್ನುತ್ತಿದ್ದ.

ಕೊಟ್ರೇಶಿ ಅಣ್ಣನನ್ನು ಒಪ್ಪಿಸಲು ಮತ್ತೆ ಮತ್ತೆ ಊರಿಗೆ ಹೋಗುತ್ತಿದ್ದ. ಈ ಸಲವೂ ಸೋತ ಮುಖ ಹೊತ್ತು ಬಂದ.

"ಏನಂದ?" ಅಜ್ಜಯ್ಯ ಕೇಳಿದರು.

"ಏನೂ ಇಲ್ರಿ. ಗೋಡೆ ಕಡೆ ತಿರುಗಿ ಕುಂತ."

"ನೀನೇನಂದೆ?"

"ಎಲ್ಲಾ ಬಿಡಿಸಿ ಹೇಳಿದೆ. ಸಂಸಾರ ನೀರ ಮೇಲಿನ ಗುಳ್ಳೆ, ಯಾರಿಗೆ ಯಾರು ಅಣ್ಣ, ಯಾರಿಗೆ ಯಾರು ತಮ್ಮ, ಮೋಹ ಬಿಡು ಅಂತ."

"ಅದಕ್ಕೂ ಹಿಂದಿನ ಸಲ?"

"ಅದನ್ನೇ ಹೇಳಿದ್ದೆ. ಈ ಸಲ ಇನ್ನೂ ಸ್ವಲ್ಪ ಒತ್ತಿ ಹೇಳಿದೆ."

ಅಜ್ಜಯ್ಯ ತಲೆ ಕೆರೆದುಕೊಂಡರು. "ಅತ್ತಿಗೆ?"

"ನೀನು ಬಂದು ಹೋದಾಗೆಲ್ಲಾ ಅವರು ಉಣ್ಣೋದು ಬಿಡ್ತಾರೆ, ಇನ್ನು ಬರಬ್ಯಾಡ ಮೈದುನಾ, ಅಂದ್ರು."

ಅಣ್ಣ ಅಂದರೆ ಕೊಟ್ರೇಶಿಗೆ ಪ್ರಾಣ. ದೀಕ್ಷೆ ಒಂದು ಕಡೆ ಇರಲಿ, ಆ ಅಣ್ಣ ಒಮ್ಮೆ ಹೆಸರು ಹಿಡಿದು ಕರೆದರೆ ಸಾಕಾಗಿತ್ತು.

"ಬಾ, ನನ್ನ ಗಡ್ಡ ಬೆಳೆದೈತಿ" ಅಂದರು ಅಜ್ಜಯ್ಯ.

ಹೊಳೆಯ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಕುಳಿತರು. ಕೊಟ್ರೇಶಿ ನೀರು ಹಚ್ಚಿ, ಸಾಬೂನಿನ ನೊರೆ ಎಬ್ಬಿಸಿ, ಕೂದಲು ಇಳಿದ ದಿಕ್ಕಿಗೇ ಕತ್ತಿ ಇಳಿಸಿದ. ಕತ್ತಿ ಮುಖದ ಮೇಲೆಲ್ಲ ಒಂದು ಸುತ್ತು ಬಂದರೆ ಮಠದಲ್ಲಿ ಅದಕ್ಕೆ ಒಂದು ಕೈ ಅನ್ನುತ್ತಿದ್ದರು. ಮೊದಲ ಕೈ ಚೆನ್ನಾಗಿಯೇ ಆಯಿತು.

ಬೆರಳಾಡಿಸಿ ನೋಡಿದ. ದವಡೆಯ ಹತ್ತಿರ ಇನ್ನೂ ಮುಳ್ಳು ಮುಳ್ಳು. ಅಷ್ಟು ಹೊತ್ತಿಗೆ ನೊರೆ ಆರಿತ್ತು. ಇವನಿಗೆ ಅವಸರ. ಆರಿದ ಚರ್ಮದ ಮೇಲೆಯೇ ಕೆಳಗಿನಿಂದ ಮೇಲಕ್ಕೆ ಎಳೆದ. ಹೋಗಲಿಲ್ಲ. ಒತ್ತಿ ಎಳೆದ.

ರಕ್ತ ಬಂತು. ಅಜ್ಜಯ್ಯ ಮಿಸುಕಲಿಲ್ಲ.

ಕೊಟ್ರೇಶಿ ಕತ್ತಿ ಕೆಳಗಿಟ್ಟ. "ತಪ್ಪಾಯ್ತು ಅಜ್ಜಾರೆ."

"ಒಂದು ಕೈ ಆಗಿತ್ತಲ್ಲ. ಮತ್ತೆ ಯಾಕೆ ಎಳೆದೆ?"

"ನುಣ್ಣಗಾಗಲಿ ಅಂತ."

"ಯಾರಿಗೆ?"

"ನಿಮಗೇರಿ."

"ನಾನು ಕೇಳಿದ್ನಾ?"

ಕೊಟ್ರೇಶಿ ಹತ್ತಿಯ ಚೂರು ತಂದು ಗಾಯಕ್ಕೆ ಒತ್ತಿ ಹಿಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಹಂಗಾರೆ ಒಂದೇ ಕೈ ಸಾಕೇನ್ರಿ? ಎರಡನೇದು ಬ್ಯಾಡವಾ?"

"ಬ್ಯಾಡ ಅಂತ ಯಾರಂದ್ರು? ಮಾಡು."

"ಗಾಯ ಆಗೈತಿ."

"ಅದು ನೀನೇ ಮಾಡಿದ್ದು. ಆ ಜಾಗ ಬಿಟ್ಟು ಮಾಡು."

ಕೊಟ್ರೇಶಿ ಕತ್ತಿಗೆ ಕೈ ಹಾಕಿದ. ಅಷ್ಟರಲ್ಲಿ ಅಜ್ಜಯ್ಯ ಅದನ್ನು ಎತ್ತಿ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

"ಕತ್ತಿ ಕೊಡ್ರಿ."

"ಮೊದಲು ನೀರು ತಾ."

ತಂದ. ಹಚ್ಚಿದ. "ಈಗ ಕೊಡ್ರಿ."

"ತಣ್ಣಗೈತಿ. ಕಾಸ್ಕೊಂಡು ಬಾ."

ಗೊಣಗುತ್ತಾ ಹೋಗಿ ಕಾಸಿಕೊಂಡು ಬಂದ. ಅಜ್ಜಯ್ಯ ಬಟ್ಟೆ ಅದ್ದಿಸಿ ತಮ್ಮ ಕೆನ್ನೆಗೆ ಹಾಕಿಸಿಕೊಂಡರು.

"ಈಗ?"

"ಕೈ ಅಲ್ಲೇ ಇರ್ಲಿ. ಸುಮ್ನೆ ಕೂತ್ಕೋ."

ಕೂತ. ಬೇಸರ ಬಂತು. ಕೈ ಸೋತಿತು. ದೋಣಿಯೊಂದು ಆಚೆ ದಡಕ್ಕೆ ಹೋಗಿ ಮುಟ್ಟಿತು. ಇನ್ನೇನು ಕೈ ತೆಗೆಯಬೇಕು, ಆಗ ಮುದುಕರ ದವಡೆ ಸಡಿಲಾದದ್ದು ಅಂಗೈಗೆ ತಿಳಿಯಿತು.

ಅಜ್ಜಯ್ಯ ಕತ್ತಿ ಕೊಟ್ಟರು. ಹೊಸ ನೊರೆ ಹಚ್ಚಿ ಕೊಟ್ರೇಶಿ ಎರಡನೇ ಕೈ ಆಡಿಸಿದ. ಒತ್ತಲೇ ಇಲ್ಲ. ಮುಳ್ಳೆಲ್ಲ ತಾನಾಗಿ ಬಂತು.

ಅವನಿಗೆ ಖುಷಿಯಾಗಿಬಿಟ್ಟಿತು. ಕತ್ತಿ ಕೆಳಗಿಟ್ಟು ಕೇಳಿದ. "ಮೂರನೇ ಕೈನೂ ಆಡಿಸ್ಲೇನ್ರಿ?"

"ಕೆಲಸ ಇಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದ್ನಂತೆ. ಹೋಗು, ಅತ್ಲಾಗೆ."

ಹೊರಟವನನ್ನು ಅಜ್ಜಯ್ಯ ಮತ್ತೆ ಕರೆದರು.

"ಊರಿಗೆ ಹೋಗ್ವಾಗ ಏನು ಒಯ್ದಿದ್ದೆ?"

"ಏನಿಲ್ರಿ. ಬರಿಗೈ."

"ಬರಿಗೈ ಅಲ್ಲ. ಬರೀ ಕತ್ತಿ."

ಕೊಟ್ರೇಶಿಗೆ ಸಿಟ್ಟು ಬಂತು. ಹಿತ ಹೇಳಿದ್ದು ಕತ್ತಿ ಹೇಗಾಗುತ್ತದೆ? ಆದರೂ ಆ ತಿಂಗಳು ಅವನು ಊರ ಕಡೆ ತಲೆ ಹಾಕಲಿಲ್ಲ.

ಹುಣ್ಣಿಮೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಹಾಲಪ್ಪನೇ ದೋಣಿಯಿಂದ ಇಳಿದ. ಗಡ್ಡ ಎದೆಗೆ ಬಂದಿತ್ತು. ಅಣ್ಣ ಹೂಂ ಅನ್ನಲು ಬಂದ ಅಂತ ಕೊಟ್ರೇಶಿ ಓಡಿದ. ಹಾಲಪ್ಪ ಅವನನ್ನು ದಾಟಿ ಹೋಗಿ ಅಜ್ಜಯ್ಯನವರ ಕಾಲಿಗೆ ಬಿದ್ದ.

"ಅಜ್ಜಾರೆ, ಇವನನ್ನ ಇನ್ನು ನಮ್ಮನೀಗೆ ಕಳಿಸಬ್ಯಾಡ್ರಿ. ಇದನ್ನ ಹೇಳೋಕೇ ಬಂದೆ. ನಿಮ್ಮ ಮಗ ಅಂತ ಇಟ್ಕೊಳ್ರಿ. ನಂಗೆ ತಮ್ಮ ಇಲ್ಲ ಅನ್ಕೊಂತೀನಿ."

"ಆಗ್ಲಿ" ಅಂದರು ಅಜ್ಜಯ್ಯ.

ಕೊಟ್ರೇಶಿಯ ಕಾಲ ಕೆಳಗಿನ ಮೆಟ್ಟಿಲೇ ಸರಿದ ಹಾಗಾಯಿತು. ಬಾಯಿ ತೆರೆದ. ಅಜ್ಜಯ್ಯ ಅವನ ಕಡೆ ನೋಡಲೇ ಇಲ್ಲ.

"ಹಾಲಪ್ಪಾ, ಹೊಳೆ ದಾಟಿ ಬಂದೀಯ. ಕ್ಷೌರ ಮಾಡಿಸ್ಕೊಂಡು, ಉಂಡು ಹೋಗು."

"ಕ್ಷೌರ ಬ್ಯಾಡ್ರಿ ನಂಗೆ."

"ಕ್ಷೌರ ಇಲ್ಲ ಅಂದ್ರೆ ಊಟ ಇಲ್ಲ, ಇಲ್ಲಿ ಕಟ್ಟಳೆ ಹಂಗ. ಬಂದವನು ಹಸಿದು ಹೋದ್ರೆ ನಾನೂ ಉಣ್ಣಂಗಿಲ್ಲ. ಈ ವಯಸ್ಸಿನಾಗ ಉಪವಾಸ ಕೆಡವ್ತೀಯ ನೋಡು."

ಹಿರಿಯರನ್ನು ಉಪವಾಸ ಕೆಡವುವ ಜಾತಿಯವನಲ್ಲ ಹಾಲಪ್ಪ. ಮಣೆಯ ಮೇಲೆ ಕುಳಿತ.

"ಯಾರು ಮಾಡೋರು?"

ಅಜ್ಜಯ್ಯ ಕೊಟ್ರೇಶಿಯ ಕಡೆ ಗದ್ದ ಎತ್ತಿದರು. "ಹೆದರಬ್ಯಾಡ. ಕತ್ತಿ ಹಿಡಿದಾಗ ಮಾತಾಡಂಗಿಲ್ಲ ಅವನು."

ಗಡ್ಡವನ್ನು ಮೊದಲು ಕತ್ತರಿಯಿಂದ ಇಳಿಸಬೇಕಾಯಿತು. ಆಮೇಲೆ ನೀರು, ನೊರೆ, ಕತ್ತಿ. ಅಣ್ಣನ ಕೆನ್ನೆ ಒಳಗೆ ಹೋಗಿತ್ತು. ದವಡೆಯ ಮೂಳೆ ಎದ್ದು ಕಾಣುತ್ತಿತ್ತು. ಊರಿಗೆ ಅಷ್ಟು ಸಲ ಹೋಗಿ ಬಂದರೂ ಕೊಟ್ರೇಶಿ ಇದನ್ನು ನೋಡಿರಲಿಲ್ಲ.

ಮೊದಲ ಕೈ ಮುಗಿಯಿತು. ಮುಖವೆಲ್ಲ ಇನ್ನೂ ಒರಟು.

"ಸಾಕು. ಏಳ್ತೀನಿ" ಅಂದ ಹಾಲಪ್ಪ, ಹೊಳೆಯ ಕಡೆ ನೋಡುತ್ತಾ.

ಕೊಟ್ರೇಶಿ ಕತ್ತಿ ಕೆಳಗಿಟ್ಟ. ಈಗ ಮಾತಾಡಬಹುದು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು, ನೀರ ಮೇಲಿನ ಗುಳ್ಳೆಯ ಸಮೇತ. ಅವನು ಅದನ್ನು ನುಂಗಿಕೊಂಡ. ಎದ್ದು ಹೋಗಿ ಬಿಸಿನೀರು ತಂದ. ಬಟ್ಟೆ ಅದ್ದಿ ಅಣ್ಣನ ಕೆನ್ನೆಗಳ ಮೇಲೆ ಹಾಕಿ, ಮೇಲೆ ಎರಡೂ ಕೈ ಇಟ್ಟು ಕೂತ.

ಹಾಲಪ್ಪ ಏಳಬೇಕೆಂದವನು ಏಳಲಿಲ್ಲ.

ತುಂಬ ಹೊತ್ತಾದ ಮೇಲೆ ಕೊಟ್ರೇಶಿ ಅಂದ, "ಅಣ್ಣಾ, ಬೀಗರ ಮುಂದೆ ನಿನ್ನ ಒಬ್ಬನ್ನೇ ನಿಲ್ಲಿಸಿ ಬಂದೆ."

ಹಾಲಪ್ಪ ಹೊಳೆಯ ಕಡೆಯೇ ನೋಡುತ್ತಿದ್ದ.

"ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಹೇಳಿದ್ರೆ ನೀನು ಅಳ್ತಿದ್ದಿ. ನೀನು ಅತ್ತಿದ್ರೆ ನಾನು ಹೋಗ್ತಿರ್ಲಿಲ್ಲ. ಅದಕ್ಕೇ ಹೇಳಲಿಲ್ಲ."

ಬಟ್ಟೆಯ ಕೆಳಗೆ ದವಡೆ ನಡುಗಿತು.

"ಹಂದರ ನಾನೊಬ್ಬನೇ ಬಿಚ್ಚಿದೆ ಕಣಲೇ" ಅಂದ ಹಾಲಪ್ಪ. "ಯಾರನ್ನಾದ್ರೂ ಕರೆಯೋಕೂ ನಾಚಿಕೆ. ಒಂದೊಂದೇ ಗಳ ಇಳಿಸಿದೆ. ಮಾವಿನ ಸೊಪ್ಪು ಇನ್ನೂ ಬಾಡಿರ್ಲಿಲ್ಲ."

ಕೊಟ್ರೇಶಿ ಅತ್ತುಬಿಟ್ಟ. ಆ ಹಂದರವನ್ನು ಯಾರು ಬಿಚ್ಚಿದರು ಅಂತ ಅವನು ಒಂದು ದಿನವೂ ಕೇಳಿರಲಿಲ್ಲ. ಅಣ್ಣನ ಮುಖದಿಂದ ಕೈ ತೆಗೆಯದೆಯೇ ಅತ್ತ. ಹಾಲಪ್ಪನೂ ಕಣ್ಣು ಮುಚ್ಚಿಕೊಂಡ, ಮುಚ್ಚಿದರೂ ನೀರು ನಿಲ್ಲಲಿಲ್ಲ. ಅಜ್ಜಯ್ಯ ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ತಮ್ಮ ಪಾಡಿಗೆ ತಾವಿದ್ದರು.

ಆಮೇಲೆ ಕೊಟ್ರೇಶಿ ಮೂಗು ಒರೆಸಿಕೊಂಡು ಹೊಸ ನೊರೆ ಎಬ್ಬಿಸಿದ. ಎರಡನೇ ಕೈ ಆಡಿಸಿದ. ಹಗುರವಾಗಿ, ಮಾತಿಲ್ಲದೆ. ಸಣ್ಣಂದಿನಿಂದ ನೋಡಿದ ಅಣ್ಣನ ಮುಖ ಸ್ವಲ್ಪ ಸ್ವಲ್ಪವೇ ಹೊರಗೆ ಬಂತು.

ಹಾಲಪ್ಪ ಕೆನ್ನೆ ಸವರಿಕೊಂಡ. "ಕೈ ಹಗುರ ಆಗೈತಿ ನಿಂದು, ಕೊಟ್ರ."

ಎಷ್ಟೋ ಕಾಲದ ಮೇಲೆ ಅಣ್ಣನ ಬಾಯಲ್ಲಿ ಆ ಹೆಸರು. ಕೊಟ್ರೇಶಿಗೆ ಆಸೆ ಹುಟ್ಟಿತು. ಕತ್ತಿ ಕೆಳಗಿಟ್ಟ.

"ಅಣ್ಣಾ, ಹಂಗಾರೆ ದೀಕ್ಷೆಗೆ..."

"ಅದನ್ನ ಕೇಳಬ್ಯಾಡ. ಸಿಟ್ಟು ಪೂರ್ತಿ ಹೋಗಿಲ್ಲ ನಂದು. ಹೂಂ ಅನ್ನೋಕೆ ಬಾಯಿ ಬರವಲ್ದು." ಸವರುತ್ತಿದ್ದ ಬೆರಳು ಗಂಟಲ ಹತ್ತಿರ ನಿಂತಿತು. "ಇಲ್ಲೂ ಒಂಚೂರು ಉಳಿದೈತಿ ನೋಡು."

ಕೊಟ್ರೇಶಿ ಕತ್ತಿ ಎತ್ತಿಕೊಂಡು ನೀರಿಗೆ ಕೈ ಚಾಚಿದ. ಅಜ್ಜಯ್ಯ ಎದ್ದು ಬಂದು ಅವನ ಮಣಿಕಟ್ಟು ಹಿಡಿದುಕೊಂಡರು.

"ಇರ್ಲಿ ಬಿಡು. ಅಷ್ಟು ಉಳಿದ್ರೆ ಮತ್ತೆ ಬರ್ತಾನೆ."